ಮಂಗಳವಾರ ಮಧ್ಯಾಹ್ನ ಮೂರು ಗಂಟೆ

ನಮ್ಮ ರಸ್ತೆಯ ತಿರುವಿನಲ್ಲಿ ಒಂದು ಮಳಿಗೆ ಇದೆ. ಹೋದ ತಿಂಗಳು ಅದರ ಶಟರ್ ಮತ್ತೆ ಎಳೆದರು. ಶಟರ್ ಮೇಲೆ ಕೈಯಲ್ಲಿ ಬರೆದ ಹಾಳೆ ಅಂಟಿಸಿದ್ದಾರೆ: 'ಬಾಡಿಗೆಗೆ ಇದೆ, ಹೋಟೆಲ್‌ಗೆ ಸೂಕ್ತ'. ಒಂಬತ್ತು ವರ್ಷದಲ್ಲಿ ಈ ಹಾಳೆಯನ್ನು ನಾನು ಓದುತ್ತಿರುವುದು ಐದನೇ ಸಲ.

ನಾನು ಬೆಂಗಳೂರಿನ ರಾಜರಾಜೇಶ್ವರಿ ನಗರಕ್ಕೆ ಬಂದಿದ್ದು 2016ರಲ್ಲಿ. ಆಗ ಮೆಟ್ರೋ ಇರಲಿಲ್ಲ. ಮೈಸೂರು ರಸ್ತೆಯ ಆರ್ಚ್ ದಾಟಿ ಒಳಗೆ ಬಂದರೆ ಅರ್ಧಕ್ಕರ್ಧ ಖಾಲಿ ಸೈಟು, ಮಧ್ಯೆ ಮಧ್ಯೆ ಎರಡಂತಸ್ತಿನ ಮನೆ. ಬಿಇಎಂಎಲ್ ಲೇಔಟಿನ ಕಡೆ ಕಾರ್ಖಾನೆಯಿಂದ, ಬ್ಯಾಂಕಿನಿಂದ ನಿವೃತ್ತರಾದವರು ಜಾಸ್ತಿ. 2021ರಲ್ಲಿ ಮೆಟ್ರೋ ಕೆಂಗೇರಿವರೆಗೆ ಬಂತು. ಆಮೇಲೆ ಖಾಲಿ ಸೈಟುಗಳಲ್ಲಿ ಅಪಾರ್ಟ್‌ಮೆಂಟ್ ಎದ್ದವು. ಒಂದೊಂದರ ಕೆಳಗೂ ಎರಡು ಮೂರು ಮಳಿಗೆ. ಆ ಮಳಿಗೆಗಳಲ್ಲಿ ಸಲೂನು, ಔಷಧಿ ಅಂಗಡಿ, ಮತ್ತೆ ಹೋಟೆಲ್. ಹೋಟೆಲ್ ಬರುವಷ್ಟೇ ಬೇಗ ಹೋಗಿಯೂ ಬಿಡುತ್ತದೆ. ಔಷಧಿ ಅಂಗಡಿ ಉಳಿಯುತ್ತದೆ.

ತಿರುವಿನ ಮಳಿಗೆಯಲ್ಲಿ ಮೊದಲು ಉತ್ತರ ಭಾರತದ ಥಾಲಿ ಇತ್ತು. ಆಮೇಲೆ ಕರಾವಳಿ ಮೀನೂಟ. ಆಮೇಲೆ ಬಿರಿಯಾನಿ. ನಾಲ್ಕನೆಯದು ಒಂದು ಕೆಫೆ. ಐದನೆಯದು ಈಗ ಮುಚ್ಚಿದ್ದು. ದೋಸೆಯಿಂದ ಹಿಡಿದು ನೂಡಲ್ಸ್, ತಂದೂರಿ, ಮಿಲ್ಕ್‌ಶೇಕ್‌ವರೆಗೆ ಎಲ್ಲವೂ ಇದ್ದ ಹೋಟೆಲ್ ಅದು. ಎದುರು ಬದಿಯಲ್ಲಿ, ಸ್ವಲ್ಪ ಮುಂದೆ, ಹತ್ತಡಿ ಅಗಲದ ಒಂದು ತಟ್ಟೆ ಇಡ್ಲಿ ಅಂಗಡಿ ಇದೆ. ನಾನು ಬರುವ ಮೊದಲಿನಿಂದಲೂ ಇದೆ. ಗಂಡ, ಹೆಂಡತಿ, ಒಬ್ಬ ಹುಡುಗ. ಕೂರಲು ಜಾಗ ಇಲ್ಲ. ಇದೇ ಮೈಸೂರು ರಸ್ತೆಯಲ್ಲಿ ಮುಂದೆ ಹೋದರೆ ಸಿಗುವ ಬಿಡದಿಯ ತಟ್ಟೆ ಇಡ್ಲಿಯಂಥದ್ದೇ ಇಡ್ಲಿ, ಮೇಲೆ ಬೇಕಾದರೆ ಬೆಣ್ಣೆ, ಕೆಂಪು ಚಟ್ನಿ, ಜೊತೆಗೆ ಕಾಫಿ. ಅಷ್ಟೇ.

ಎದುರು ಬದುರಿನ ಈ ಎರಡು ಜಾಗಗಳನ್ನು ಇಷ್ಟು ವರ್ಷ ನೋಡಿ ನೋಡಿ ಊರಾಚೆಯ ಬಡಾವಣೆಯಲ್ಲಿ ಯಾವ ಹೋಟೆಲ್ ಉಳಿಯುತ್ತದೆ, ಯಾವುದು ಮುಚ್ಚುತ್ತದೆ ಅನ್ನುವ ವಿಷಯ ನನ್ನನ್ನು ಬಿಡದೆ ಕಾಡತೊಡಗಿತು. ಅದಕ್ಕೆ ಇನ್ನೊಂದು ಕಾರಣವೂ ಇದೆ. ನಾನು ಹೋಟೆಲ್‌ನವರ ಮನೆಯಿಂದ ಬಂದವನು.

ನನ್ನ ಚಿಕ್ಕಪ್ಪಯ್ಯ ಕುಂದಾಪುರ ಕಡೆಯಿಂದ ಬೆಂಗಳೂರಿಗೆ ಬಂದಿದ್ದು 1968ರಲ್ಲಿ, ಹದಿನಾಲ್ಕನೇ ವಯಸ್ಸಿಗೆ. ಲೋಟ ತೊಳೆಯುವ ಕೆಲಸ. ಆಮೇಲೆ ಸಪ್ಲೈಯರ್, ಆಮೇಲೆ ಕಾಫಿ ಕೌಂಟರ್, ಆಮೇಲೆ ಗಲ್ಲಾ. 1984ರಲ್ಲಿ ವಿಜಯನಗರದಲ್ಲಿ ಸ್ವಂತ ಹೋಟೆಲ್ ಹಾಕಿದರು. ಅದಕ್ಕೆ ಹಿಂದಿನ ವರ್ಷವಷ್ಟೇ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾಗಿತ್ತು. ನಿಂತು ತಿನ್ನುವ, ಮೊದಲೇ ದುಡ್ಡು ಕೊಟ್ಟು ಟೋಕನ್ ತೆಗೆದುಕೊಳ್ಳುವ ಪದ್ಧತಿ ಊರಿಗೆಲ್ಲ ಹಬ್ಬುತ್ತಿದ್ದ ಕಾಲ. ಕುರ್ಚಿ ಮೇಜು ಬೇಡ, ಸಪ್ಲೈಯರ್ ಬೇಡ, ಸಣ್ಣ ಜಾಗ ಸಾಕು. ಬಾಡಿಗೆ ಕೈಗೆಟುಕುತ್ತದೆ. ಬಂದವರು ಹತ್ತು ನಿಮಿಷದಲ್ಲಿ ತಿಂದು ಹೊರಡುತ್ತಾರೆ. ಚಿಕ್ಕಪ್ಪಯ್ಯ ಅದನ್ನು ನೋಡಿ ತಮ್ಮ ಹೋಟೆಲ್‌ನ ಅರ್ಧ ಭಾಗದ ಕುರ್ಚಿ ತೆಗೆಸಿಬಿಟ್ಟರು. ಇಪ್ಪತ್ತೆಂಟು ವರ್ಷ ನಡೆಸಿ, ಮಂಡಿ ನೋವು ಜಾಸ್ತಿಯಾದ ಮೇಲೆ 2012ರಲ್ಲಿ ಬಿಟ್ಟುಕೊಟ್ಟರು.

ಮೀನೂಟದ ಹೋಟೆಲ್ ಶುರುವಾದಾಗ ಅವರು ನಮ್ಮ ಮನೆಗೆ ಬಂದಿದ್ದರು. ಭಾನುವಾರ ಮಧ್ಯಾಹ್ನ. ಹೊರಗೆ ಜನ ಕಾಯುತ್ತಾ ನಿಂತಿದ್ದರು. ನನಗೆ ಖುಷಿಯಾಯಿತು. ನಮ್ಮೂರ ಕಡೆಯ ಅಡುಗೆ, ಇಷ್ಟು ಜನ. ಚಿಕ್ಕಪ್ಪಯ್ಯ ಮಾತ್ರ ಏನೂ ಹೇಳಲಿಲ್ಲ. ಸಂಜೆ ಕಾಫಿ ಕುಡಿಯುವಾಗ ಹೇಳಿದರು: "ಮಾಣಿ, ಭಾನುವಾರ ಯಾವ ಹೋಟ್ಲಲ್ಲೂ ಜನ ಇರ್ತಾರೆ. ಮಂಗಳವಾರ ಮೂರು ಗಂಟೆಗೆ ಹೋಗಿ ನೋಡು."

ನಾನು ಹೋಗಿ ನೋಡಿದೆ. ಒಬ್ಬರೂ ಇರಲಿಲ್ಲ. ಹುಡುಗರು ಮೇಜು ಒರೆಸಿ ಒರೆಸಿ ಫೋನ್ ನೋಡುತ್ತಾ ಕೂತಿದ್ದರು. ಮಧ್ಯಾಹ್ನ ಮೂರು ಗಂಟೆ ಊಟದ ಹೊತ್ತಲ್ಲ, ಆದ್ದರಿಂದ ಖಾಲಿ ಇದ್ದರೆ ತಪ್ಪೇನು ಅಂತ ನನಗೂ ಅನ್ನಿಸಿತ್ತು. ಚಿಕ್ಕಪ್ಪಯ್ಯ ಹೇಳಿದ್ದು ಬೇರೆಯದು. ಬಾಡಿಗೆ ಮಂಗಳವಾರ ಮೂರು ಗಂಟೆಗೂ ಓಡುತ್ತಿರುತ್ತದೆ. ಸಂಬಳವೂ ಓಡುತ್ತಿರುತ್ತದೆ. ಫ್ರಿಜ್ಜಿನ ಕರೆಂಟೂ ಓಡುತ್ತಿರುತ್ತದೆ. ಆ ಹೊತ್ತಿಗೆ ಯಾರಾದರೂ ಬಂದು ಒಂದು ಕಾಫಿಯನ್ನಾದರೂ ಕುಡಿಯುವ ಜಾಗ ಅದಾಗಿದೆಯಾ, ಅದು ಅವರ ಪ್ರಶ್ನೆ.

ಮೀನೂಟದವರ ವಿಷಯದಲ್ಲಿ ಇನ್ನೊಂದು ಸಂಗತಿ ಇತ್ತು. ಅದನ್ನು ಅವರು ಮೊದಲೇ ಲೆಕ್ಕ ಹಾಕಿರಲಿಲ್ಲ ಅಂತ ಕಾಣುತ್ತದೆ. ನಮ್ಮ ಬೀದಿಯ ಅನೇಕ ಮಾಂಸಾಹಾರಿ ಮನೆಗಳಲ್ಲಿ ಸೋಮವಾರ ತಿನ್ನುವುದಿಲ್ಲ. ಶನಿವಾರ ತಿನ್ನುವುದಿಲ್ಲ. ಕೆಲವರು ಗುರುವಾರವೂ ಬಿಡುತ್ತಾರೆ. ಹೊರಗೆ ಊಟಕ್ಕೆ ಹೋಗುವ ಜನರಿಗೆ ವಾರದಲ್ಲಿ ಎರಡೇ ದೊಡ್ಡ ದಿನ, ಶನಿವಾರ ಮತ್ತು ಭಾನುವಾರ. ಅದರಲ್ಲಿ ಒಂದು ಹೀಗೆ ಕೈತಪ್ಪಿತು. ಮೇಲೆ ಶ್ರಾವಣ ಮಾಸ. ಕಾರ್ತಿಕದಿಂದ ಸಂಕ್ರಾಂತಿವರೆಗೆ ಅಯ್ಯಪ್ಪನ ಮಾಲೆ ಹಾಕಿದವರ ಮನೆಗಳು. ಮೀನು ರಾತ್ರಿ ಬಸ್ಸಿನಲ್ಲಿ ಕರಾವಳಿಯಿಂದ ಬರುತ್ತಿತ್ತು. ಶನಿವಾರ ಉಳಿದ ಮೀನನ್ನು ಭಾನುವಾರದ ಗಿರಾಕಿ ಮೂಗಿನಿಂದಲೇ ಗುರುತು ಹಿಡಿಯುತ್ತಾನೆ. ಅಡುಗೆ ಚೆನ್ನಾಗಿತ್ತು. ಬಂಗುಡೆ ಪುಳಿಮುಂಚಿ ಈಗಲೂ ನೆನಪಿದೆ. ಹದಿನಾಲ್ಕು ತಿಂಗಳಿಗೆ ಮುಚ್ಚಿತು.

ಬಿರಿಯಾನಿಯವರ ಬಗ್ಗೆ ಹೇಳುವುದು ಕಮ್ಮಿ. 2019ರ ಡಿಸೆಂಬರಿನಲ್ಲಿ ತೆರೆದರು. ಮಾರ್ಚಿನಲ್ಲಿ ಲಾಕ್‌ಡೌನ್ ಬಂತು. ಅವರ ಲೆಕ್ಕ ಸರಿಯಿತ್ತೋ ಇಲ್ಲವೋ ತಿಳಿಯುವ ಅವಕಾಶವೇ ಅವರಿಗೆ ಸಿಗಲಿಲ್ಲ.

ಕೆಫೆಯ ಕತೆ ಮಾತ್ರ ನಾನು ಹತ್ತಿರದಿಂದ ನೋಡಿದ್ದು. ಅದನ್ನು ತೆರೆದವರು ನಮ್ಮ ಸಾಲಿನವರೇ. ಹೆಸರು ಬೇಡ. ಇಪ್ಪತ್ತು ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿ ಬಿಟ್ಟವರು, ತುಂಬಾ ಅಚ್ಚುಕಟ್ಟಿನ ಮನುಷ್ಯ. ಗೋಡೆ ತುಂಬ ಪುಸ್ತಕ, ಒಳ್ಳೆಯ ಬೆಳಕು, ಪಾಸ್ತಾ, ಸ್ಯಾಂಡ್‌ವಿಚ್, ಚಿಕ್ಕಮಗಳೂರಿನ ತೋಟದಿಂದ ನೇರವಾಗಿ ತರಿಸಿದ ಕಾಫಿ ಬೀಜ. ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಕೊನೆಗೂ ನಮ್ಮ ಏರಿಯಾಗೂ ಇಂಥದ್ದೊಂದು ಬಂತು ಅಂತ. ನಾನೂ ಬರೆದಿದ್ದೆ. ಹನ್ನೊಂದು ತಿಂಗಳಿಗೆ ಮುಚ್ಚಿದರು.

ಮುಚ್ಚಿದ ಮೇಲೆ ಒಂದು ಸಂಜೆ ಅವರು ತಮ್ಮ ಲೆಕ್ಕವನ್ನು ನನ್ನ ಮುಂದೆ ಇಟ್ಟರು. ಇದನ್ನು ಬರೆಯಲು ಅವರ ಒಪ್ಪಿಗೆ ಇದೆ. ಬೇರೆಯವರಿಗೆ ಉಪಯೋಗಕ್ಕೆ ಬರಲಿ ಅಂದರು.

ಬಾಡಿಗೆ ತಿಂಗಳಿಗೆ 80,000. ಅದರ ಮೇಲೆ ಶೇ. 18 ಜಿಎಸ್‌ಟಿ, ಅಂದರೆ 14,400. ಈ ತೆರಿಗೆಯ ವಿಷಯ ಹೊರಗಿನವರಿಗೆ ಗೊತ್ತಿರುವುದಿಲ್ಲ. 2017ರ ನವೆಂಬರಿನಿಂದ ಇಂಥ ಹೋಟೆಲ್‌ಗಳು ಗಿರಾಕಿಯಿಂದ ಶೇ. 5 ತೆರಿಗೆ ಮಾತ್ರ ತೆಗೆದುಕೊಳ್ಳುತ್ತವೆ. ಆದರೆ ತಾವು ಬಾಡಿಗೆಗೆ, ಮೆಷೀನಿಗೆ, ಒಳಾಂಗಣಕ್ಕೆ ಕಟ್ಟಿದ ತೆರಿಗೆಯನ್ನು ಅದರಲ್ಲಿ ಮುರಿದುಕೊಳ್ಳುವ ಹಾಗಿಲ್ಲ. ತಿನ್ನುವವರಿಗೆ ಒಳ್ಳೆಯದಾಯಿತು, ಸರಿ. ಆದರೆ ಅಷ್ಟೂ ಭಾರ ಹೋಟೆಲ್‌ನವರ ಮೇಲೇ ಕೂತಿತು. ಮುಂದೆ, ಏಳು ಜನರ ಸಂಬಳ ಮತ್ತು ಅವರ ರೂಮಿನ ಬಾಡಿಗೆ ಸೇರಿ 1,60,000. ಗ್ಯಾಸ್, ಕರೆಂಟು, ಟ್ಯಾಂಕರ್ ನೀರು 55,000. ಗ್ಯಾಸ್ ಅಂದರೆ ಮನೆಯ 14.2 ಕಿಲೋ ಸಿಲಿಂಡರ್ ಅಲ್ಲ. 19 ಕಿಲೋದ ಕಮರ್ಷಿಯಲ್ ಸಿಲಿಂಡರ್, ಆಗ ಒಂದಕ್ಕೆ 1,800 ರೂಪಾಯಿಯ ಆಸುಪಾಸು. ಚಿಲ್ಲರೆ ಖರ್ಚು 20,000. ಎಲ್ಲ ಸೇರಿ ತಿಂಗಳಿಗೆ ಹತ್ತಿರ ಹತ್ತಿರ 3,30,000. ಒಬ್ಬ ಗಿರಾಕಿಯೂ ಬರದಿದ್ದರೂ ಇಷ್ಟು ಕಟ್ಟಲೇಬೇಕು.

ನೂರು ರೂಪಾಯಿ ವ್ಯಾಪಾರದಲ್ಲಿ 35 ರೂಪಾಯಿ ಸಾಮಾನಿಗೆ ಹೋಗುತ್ತದೆ. ಉಳಿದ 65ರಲ್ಲಿ ಮೇಲಿನ ಖರ್ಚು ಏಳಬೇಕು. ಹಾಗೆ ಲೆಕ್ಕ ಹಾಕಿದರೆ ದಿನಕ್ಕೆ 17,000 ರೂಪಾಯಿ ವ್ಯಾಪಾರ ಆಗಬೇಕು. ತಲೆಗೆ 280 ರೂಪಾಯಿ ಬಿಲ್ಲು ಅಂದರೆ ದಿನಕ್ಕೆ 60 ಜನ.

"60 ಜನ ಬರಲ್ವಾ ಸಾರ್, ಸುತ್ತ ಎರಡು ಸಾವಿರ ಮನೆ ಇದೆ ಅಂದ್ಕೊಂಡೆ," ಅಂದರು. ನನಗೂ ಹಾಗೇ ಅನ್ನಿಸುತ್ತಿತ್ತು. ಶನಿವಾರ, ಭಾನುವಾರ 110 ಜನರ ತನಕ ಬಂದರು. ಉಳಿದ ಐದು ದಿನ 25 ಜನ. ಸರಾಸರಿ ತೆಗೆದರೆ ದಿನಕ್ಕೆ 49. ಹನ್ನೊಂದು ಜನ ಕಮ್ಮಿ. ಆ ಹನ್ನೊಂದು ಜನ ಕಮ್ಮಿಯಾಗಿದ್ದಕ್ಕೆ ತಿಂಗಳಿಗೆ 60,000 ರೂಪಾಯಿ ಕೈಯಿಂದ ಹೋಯಿತು. ಅವರಿಗೆ ಅವರದೇ ಸಂಬಳ ಅಂತ ಒಂದು ರೂಪಾಯಿ ಈ ಲೆಕ್ಕದಲ್ಲಿ ಇಲ್ಲ. ಒಳಾಂಗಣಕ್ಕೆ ಹಾಕಿದ 28 ಲಕ್ಷವೂ ಇಲ್ಲ. ಫಾಲ್ಸ್ ಸೀಲಿಂಗನ್ನು ಬಿಚ್ಚಿ ಮನೆಗೆ ಕೊಂಡೊಯ್ಯಲು ಆಗುವುದಿಲ್ಲ. ಹೊಗೆ ಚಿಮಣಿ, ಟೈಲ್ಸು, ಗೋಡೆಯ ಕಪಾಟು ಎಲ್ಲ ಮಾಲೀಕರ ಪಾಲು. ಹತ್ತು ತಿಂಗಳ ಅಡ್ವಾನ್ಸಿನಲ್ಲಿ ಪೇಂಟಿಂಗ್ ಅಂತ, ರಿಪೇರಿ ಅಂತ ಮುರಿದುಕೊಂಡು ಉಳಿದದ್ದು ವಾಪಸ್ ಬಂತು.

ಆ ರಾತ್ರಿ ನಾನು ಮನೆಗೆ ಬಂದು ನನ್ನದೇ ಲೆಕ್ಕ ಹಾಕಿದೆ. ಆ ಹನ್ನೊಂದು ತಿಂಗಳಲ್ಲಿ ನಾನು ಕೆಫೆಗೆ ಹೋಗಿದ್ದು ಐದು ಸಲ, ಮನೆಯವರ ಜೊತೆ. ಒಟ್ಟು ಐದೂವರೆ ಸಾವಿರ ಕೊಟ್ಟಿರಬಹುದು. ಅದೇ ಹನ್ನೊಂದು ತಿಂಗಳಲ್ಲಿ ತಟ್ಟೆ ಇಡ್ಲಿ ಅಂಗಡಿಗೆ ವಾರಕ್ಕೆ ನಾಲ್ಕು ಸಲ ಹೋಗಿದ್ದೇನೆ. ಸಲಕ್ಕೆ 60 ರೂಪಾಯಿ. ಹತ್ತು ಸಾವಿರ ದಾಟಿತು. ಯಾರಾದರೂ ಕೇಳಿದ್ದರೆ ನಮ್ಮ ಏರಿಯಾದಲ್ಲಿ ನನಗೆ ಬಹಳ ಇಷ್ಟದ ಜಾಗ ಕೆಫೆ ಅಂತಲೇ ಹೇಳುತ್ತಿದ್ದೆ. ಅದು ಸುಳ್ಳೂ ಅಲ್ಲ. ಆದರೆ ಇಷ್ಟಪಟ್ಟ ಜಾಗಕ್ಕೆ ಕೊಟ್ಟದ್ದಕ್ಕಿಂತ ಎರಡರಷ್ಟನ್ನು, ಇಷ್ಟವೋ ಅಲ್ಲವೋ ಅಂತ ಒಮ್ಮೆಯೂ ಯೋಚಿಸದ ಜಾಗಕ್ಕೆ ಕೊಟ್ಟಿದ್ದೆ.

ಊರಾಚೆಯ ಬಡಾವಣೆಯಲ್ಲಿ ಹೋಟೆಲ್ ಉಳಿಯುವುದೂ ಅಳಿಯುವುದೂ ಇದರ ಮೇಲೇ ಅಂತ ನನಗೆ ಈಗ ಅನ್ನಿಸುತ್ತದೆ. ಮೆಜೆಸ್ಟಿಕ್ಕಿನ ಹೋಟೆಲ್‌ಗೆ ದಿನವೂ ಹೊಸ ಮುಖ ಬರುತ್ತದೆ. ಒಬ್ಬ ಒಂದು ಸಲ ತಿಂದು ಮತ್ತೆ ಬರದಿದ್ದರೂ ನಡೆಯುತ್ತದೆ. ನಮ್ಮಲ್ಲಿ ಹೊಸ ಮುಖ ಇಲ್ಲ. ಇರುವುದು ಅದೇ ಜನ. ಅವರು ಹೊಗಳಿದರೆ ಸಾಲದು, ಮತ್ತೆ ಮತ್ತೆ ಬರಬೇಕು. ಮತ್ತೆ ಮತ್ತೆ ಬರಬೇಕಾದರೆ ಅದು ಯೋಚಿಸಿ ತೀರ್ಮಾನ ಮಾಡುವ ವಿಷಯ ಆಗಿರಬಾರದು. ಕೆಫೆಗೆ ಹೋಗಬೇಕಾದರೆ ಮನೆಯಲ್ಲಿ ಮಾತಾಗುತ್ತಿತ್ತು. ಇವತ್ತು ಹೋಗೋಣವಾ, ಮಗಳ ಪರೀಕ್ಷೆ ಮುಗಿಯಲಿ, ಮುಂದಿನ ವಾರ ನೋಡೋಣ. ಹೊರಗೆ ಹೊರಟ ಮೇಲೆ ಜಯನಗರಕ್ಕೇ ಹೋಗಿಬಿಡೋಣ ಅಂತಲೂ ಆಗುತ್ತಿತ್ತು. ಇಡ್ಲಿಗೆ ಈ ಮಾತೇ ಇಲ್ಲ. ಚಪ್ಪಲಿ ಹಾಕಿಕೊಂಡು ಹೋಗುವುದು, ಬರುವುದು.

ಹಾಗಂತ ಇಡ್ಲಿ ಮಾರಿದವರೆಲ್ಲ ಗೆಲ್ಲುತ್ತಾರೆ ಅಂತಲ್ಲ. ನಮ್ಮ ಕಡೆಯೇ ಮೂರು ದರ್ಶಿನಿಗಳು ಮುಚ್ಚಿದ್ದನ್ನು ನೋಡಿದ್ದೇನೆ. ಅದರಲ್ಲಿ ಒಂದು ತಪ್ಪು ಬದಿಯಲ್ಲಿತ್ತು. ಇದು ಚಿಕ್ಕಪ್ಪಯ್ಯ ತೋರಿಸಿಕೊಟ್ಟ ವಿಷಯ. ನಡುವೆ ಡಿವೈಡರ್ ಇರುವ ರಸ್ತೆ. ಬೆಳಿಗ್ಗೆ ಕೆಲಸಕ್ಕೆ ಹೋಗುವವರೆಲ್ಲ ಆರ್ಚ್ ಕಡೆಗೆ, ಮೆಟ್ರೋ ಕಡೆಗೆ ಹೋಗುತ್ತಾರೆ. ಅವರ ಎಡಕ್ಕೆ ಇರುವ ಅಂಗಡಿ ತಿಂಡಿಗೆ ಸರಿ. ಆಚೆ ಬದಿಯಲ್ಲಿ ಇದ್ದರೆ ಸ್ಕೂಟರ್ ತಿರುಗಿಸಿಕೊಂಡು ಬರುವ ವ್ಯವಧಾನ ಎಂಟು ಗಂಟೆಗೆ ಯಾರಿಗೂ ಇರುವುದಿಲ್ಲ. ಸಂಜೆ ಮನೆಗೆ ವಾಪಸಾಗುವ ಬದಿಯಲ್ಲಿ ಬೇಕಾದ್ದು ಬೋಂಡ, ಪಾನಿಪುರಿ, ಪಾರ್ಸಲ್ ಚಪಾತಿ ಪಲ್ಯ. ಆ ದರ್ಶಿನಿಯವರು ಸಂಜೆಯ ಬದಿಯಲ್ಲಿ ಬೆಳಗಿನ ತಿಂಡಿ ಮಾರುತ್ತಿದ್ದರು. ರುಚಿಯಲ್ಲಿ ಒಂದು ಚೂರೂ ಕೊರತೆ ಇರಲಿಲ್ಲ. ಎಷ್ಟು ಬೇಜಾರಿನ ವಿಷಯ ಅಲ್ವಾ, ಎಪ್ಪತ್ತಡಿ ಆಚೆಗೆ ಇದ್ದಿದ್ದರೆ ಇವತ್ತಿಗೂ ಇರುತ್ತಿತ್ತು.

ಇನ್ನೊಂದರಲ್ಲಿ ದೋಸೆ ಮಾಸ್ಟರ್ ಬಿಟ್ಟುಹೋದ. ಎರಡು ಸಾವಿರ ಜಾಸ್ತಿ ಕೊಡುತ್ತೇನೆ ಅಂತ ಬೇರೆಯವರು ಕರೆದರು, ಹೋದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಬೆಳಿಗ್ಗೆ ಐದಕ್ಕೆ ಕಾವಲಿ ಮುಂದೆ ನಿಂತರೆ ಮಧ್ಯಾಹ್ನದವರೆಗೆ ಬೆಂಕಿಯ ಮುಂದೆಯೇ ಇರುವವನು ಅವನು. ಮಲಗಲು ಎಂಟು ಜನರ ಮಧ್ಯೆ ಒಂದು ಚಾಪೆಯ ಜಾಗ. ಮುಂಚೆ ಈ ಕೆಲಸಕ್ಕೆ ಕುಂದಾಪುರ, ಉಡುಪಿ ಕಡೆಯ ಹುಡುಗರು ಬರುತ್ತಿದ್ದರು, ಮಾಲೀಕನ ಊರಿನವರೇ, ನೆಂಟರೇ. ಬಿಟ್ಟು ಹೋಗಬೇಕಾದರೆ ಊರಿನಲ್ಲಿ ಉತ್ತರ ಹೇಳಬೇಕಿತ್ತು. ಈಗ ಅಸ್ಸಾಂ, ಒಡಿಶಾ, ನೇಪಾಳದಿಂದ ಬರುತ್ತಾರೆ. ಚೆನ್ನಾಗಿ ಕೆಲಸ ಮಾಡುತ್ತಾರೆ, ಎಲ್ಲಿ ಚೆನ್ನಾಗಿ ನೋಡಿಕೊಳ್ಳುತ್ತಾರೋ ಅಲ್ಲಿಗೆ ಹೋಗುತ್ತಾರೆ. ಮಾಸ್ಟರ್ ಹೋದ ದಿನ ಕಾವಲಿ ಮುಂದೆ ನಿಲ್ಲಲು ಮಾಲೀಕನಿಗೆ ಬರುತ್ತದಾ? ಬಂದರೆ ಆ ಹೋಟೆಲ್ ಉಳಿಯಿತು. ಆ ದರ್ಶಿನಿಯ ಮಾಲೀಕರು ಬೇರೆ ವ್ಯಾಪಾರದಿಂದ ಬಂದವರು, ದುಡ್ಡು ಹಾಕಿದವರು. ಅವರಿಗೆ ಬರುತ್ತಿರಲಿಲ್ಲ. ಎರಡು ವಾರ ದೋಸೆ ಒಂದೊಂದು ದಿನ ಒಂದೊಂದು ಥರ ಬಂತು. ಖಾಯಂ ಗಿರಾಕಿಗೆ ರುಚಿ ಕಮ್ಮಿಯಾದರೂ ನಡೆಯುತ್ತದೆ, ನಿನ್ನೆಯ ಹಾಗೆ ಇಲ್ಲದಿದ್ದರೆ ನಡೆಯುವುದಿಲ್ಲ.

ಐದನೆಯ ಹೋಟೆಲ್, ಈಗ ಮುಚ್ಚಿದ್ದು, ತನ್ನ ಮೆನುವಿನಿಂದಲೇ ಸೋತಿತು ಅಂತ ನನ್ನ ಅಂದಾಜು. ಮೆನು ಕಾರ್ಡು ಎಂಟು ಪುಟ ಇತ್ತು. ಯಾರು ಏನು ಕೇಳಿದರೂ ಇಲ್ಲ ಅನ್ನಬಾರದು ಅಂತ ಅವರ ಆಸೆ. ಎಂಟು ಪುಟಕ್ಕೆ ತಕ್ಕ ಸಾಮಾನು ಫ್ರಿಜ್ಜಿನಲ್ಲಿ ಇರಬೇಕು. ಕೇಳುವವರು ಮಾತ್ರ ಅದೇ ಮಸಾಲೆ ದೋಸೆ, ಅದೇ ಗೋಬಿ ಮಂಚೂರಿ. ಪನೀರು ಹುಳಿಯಾಗುತ್ತದೆ, ಅಣಬೆ ಕಪ್ಪಾಗುತ್ತದೆ. ಬಸವನಗುಡಿ ಪಕ್ಕದ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರಿಂದ ಇದೆ. ಅಲ್ಲಿ ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ. ಇಡ್ಲಿಗೆ ಚಟ್ನಿ ಮಾತ್ರ, ಸಾಂಬಾರ್ ಇಲ್ಲ. ಬೇಕು ಅಂತ ಯಾರೂ ಜಗಳ ಮಾಡುವುದಿಲ್ಲ. ಮಾಡುವುದು ಕಮ್ಮಿ ಇದ್ದಾಗ ಎಲ್ಲವೂ ಬಿಸಿ ಇರುತ್ತದೆ, ಸಂಜೆಗೆ ಏನೂ ಉಳಿಯುವುದಿಲ್ಲ.

ಆ ಹೆಸರು ಬಂದಾಗ ಒಂದು ಮಾತು ನೆನಪಾಗುತ್ತದೆ. ಬಸವನಗುಡಿ, ಮಲ್ಲೇಶ್ವರ ನಮಗೆ ಈಗ ಹಳೇ ಬೆಂಗಳೂರು. ಆದರೆ 1890ರ ದಶಕದಲ್ಲಿ ಅವೂ ಊರಾಚೆಯ ಬಡಾವಣೆಗಳೇ. 1898ರ ಪ್ಲೇಗಿನ ಹೊತ್ತಿಗೆ ಪೇಟೆಯ ಇಕ್ಕಟ್ಟು ಬಿಟ್ಟು ಜನ ಅಲ್ಲಿಗೆ ಹೋದರು. ಗಾಂಧಿ ಬಜಾರಿನಲ್ಲಿ ವಿದ್ಯಾರ್ಥಿ ಭವನ ಬಂದಿದ್ದು 1943ರಲ್ಲಿ. ಹೆಸರೇ ಹೇಳುವ ಹಾಗೆ ಹತ್ತಿರದ ವಿದ್ಯಾರ್ಥಿಗಳಿಗೆ ತಿಂಡಿ ಕೊಡಲು ಶುರುವಾದದ್ದು. ಮಲ್ಲೇಶ್ವರದ ವೀಣಾ ಸ್ಟೋರ್ಸ್ 1977ರದ್ದು. ಇವತ್ತು ದೂರದ ಊರಿನವರೂ ಹುಡುಕಿಕೊಂಡು ಹೋಗುವ ಈ ಜಾಗಗಳು ಶುರುವಾದಾಗ ಅಕ್ಕಪಕ್ಕದ ಬೀದಿಯವರ ಜಾಗಗಳು. ಮೊದಲು ಬೀದಿಯವರು ಉಳಿಸಿಕೊಂಡರು. ಹೊರಗಿನವರು ಬಂದಿದ್ದು ಆಮೇಲೆ. ಈಗ ಹೊಸದಾಗಿ ತೆರೆಯುವವರು ಮೊದಲ ದಿನವೇ ಕ್ಯಾಮೆರಾದವರನ್ನು ಕರೆಸುತ್ತಾರೆ. ಒಂದು ತಿಂಗಳು ಊರೆಲ್ಲ ಬರುತ್ತದೆ. ಆ ಜನಕ್ಕೆ ತಕ್ಕ ಹಾಗೆ ಆಳುಗಳನ್ನು ಇಟ್ಟುಕೊಳ್ಳುತ್ತಾರೆ. ಎರಡನೇ ತಿಂಗಳು ಊರು ಇನ್ನೊಂದು ಹೊಸ ಹೋಟೆಲ್‌ಗೆ ಹೋಗುತ್ತದೆ. ಅಷ್ಟು ಹೊತ್ತಿಗೆ, ಆ ನೂಕುನುಗ್ಗಲಿನಲ್ಲಿ ಗಾಡಿ ನಿಲ್ಲಿಸಲು ಜಾಗ ಸಿಗದ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಅಲ್ಲಿಗೆ ಹೋಗುವುದನ್ನೇ ಬಿಟ್ಟಿರುತ್ತಾರೆ.

ಆ ಮೇಷ್ಟ್ರಂಥವರು ನಮ್ಮ ಬಡಾವಣೆಯಲ್ಲಿ ತುಂಬಾ ಇದ್ದಾರೆ. ಬೆಳಿಗ್ಗೆ ಐದೂವರೆಗೆ ವಾಕಿಂಗ್ ಹೊರಡುತ್ತಾರೆ. ಆರೂಕಾಲಿಗೆ ಕಾಫಿ ಬೇಕು. ನಾಲ್ಕು ಜನ ಬೈ ಟು ಹೇಳಿ, ಅರ್ಧ ಗಂಟೆ ಮಾತಾಡಿ, ಮನೆಗೆ ಎರಡು ಪಾರ್ಸಲ್ ಕಟ್ಟಿಸಿಕೊಂಡು ಹೋಗುತ್ತಾರೆ. ಕೆಫೆ ತೆರೆಯುತ್ತಿದ್ದುದು ಹನ್ನೊಂದು ಗಂಟೆಗೆ. ಆ ಹೊತ್ತಿಗೆ ನಮ್ಮ ರಸ್ತೆಯಲ್ಲಿ ತರಕಾರಿ ಗಾಡಿ ಬಿಟ್ಟರೆ ಯಾರೂ ಇರುವುದಿಲ್ಲ. ಮನೆಯಿಂದಲೇ ಕೆಲಸ ಮಾಡುತ್ತಿದ್ದ ಹುಡುಗರು ಲ್ಯಾಪ್‌ಟಾಪ್ ಹಿಡಿದು ಬರುತ್ತಿದ್ದರು. 2022ರ ಕೊನೆಗೆ ಆಫೀಸುಗಳು ವಾಪಸ್ ಕರೆದವು. ಅವರು ಹೋದರು. ಹನ್ನೊಂದು ಜನ ಕಮ್ಮಿಯಾದದ್ದು ಬಹುಶಃ ಅಲ್ಲೇ.

ಆ್ಯಪ್‌ಗಳು ಇವೆಯಲ್ಲ, ಮನೆಗೆ ತಲುಪಿಸಬಹುದಲ್ಲ ಅಂತ ಕೆಲವರು ಹೇಳುತ್ತಾರೆ. ಬಿಲ್ಲಿನ ಕಾಲು ಭಾಗದಷ್ಟು, ಒಂದೊಂದು ಸಲ ಇನ್ನೂ ಜಾಸ್ತಿ, ಕಮಿಷನ್‌ಗೆ ಹೋಗುತ್ತದೆ. ಕೆಫೆಯವರ ಲೆಕ್ಕದಲ್ಲಿ ಸಾಮಾನಿಗೆ 35 ಹೋಗಿ ಉಳಿಯುತ್ತಿದ್ದ 65ರಲ್ಲಿ ಇನ್ನೊಂದು 25 ಹೋದರೆ ಉಳಿಯುವುದು 40. ಅದರ ಮೇಲೆ ಡಬ್ಬಿಯ ಖರ್ಚು. ಬಿರಿಯಾನಿಗೆ ಅದು ಸರಿಹೋಗಬಹುದು. ಪಾಸ್ತಾ ಇಪ್ಪತ್ತು ನಿಮಿಷದಲ್ಲಿ ಮುದ್ದೆಯಾಗುತ್ತದೆ.

ಹತ್ತರಲ್ಲಿ ಒಂಬತ್ತು ಹೋಟೆಲ್ ಮೊದಲ ವರ್ಷವೇ ಮುಚ್ಚುತ್ತವೆ ಅನ್ನುವ ಮಾತನ್ನು ಎಲ್ಲ ಕಡೆ ಕೇಳುತ್ತೇವೆ. ಅಮೆರಿಕದ ಒಹಾಯೋ ರಾಜ್ಯದ ಕೊಲಂಬಸ್ ನಗರದಲ್ಲಿ ಇದನ್ನು ಎಣಿಸಿ ನೋಡಿದ್ದಾರೆ. 2005ರಲ್ಲಿ ಬಂದ ಆ ಅಧ್ಯಯನದಲ್ಲಿ ಮೊದಲ ವರ್ಷ ಮುಚ್ಚಿದ್ದು ನೂರಕ್ಕೆ 26. ಮೂರು ವರ್ಷ ಸೇರಿದರೆ ಹತ್ತಿರ ಹತ್ತಿರ 60. ಬೇರೆ ದೇಶ, ಬೇರೆ ಊಟ, ಆ ಅಂಕಿಯನ್ನು ನಮಗೆ ಹಾಗೇ ಹಚ್ಚುವ ಹಾಗಿಲ್ಲ. ಆದರೆ ಅದರಲ್ಲಿ ಮಾಲೀಕರ ಜೊತೆ ಕೂತು ಮಾತಾಡಿದ್ದೂ ಇದೆ. ಸೋತವರಲ್ಲಿ ಹಲವರು ಹೇಳಿದ್ದು ರುಚಿಯ ಬಗ್ಗೆ ಅಲ್ಲ, ಮನೆಯ ಬಗ್ಗೆ. ಹೆಂಡತಿ ಮಕ್ಕಳಿಗೆ ಹೊತ್ತು ಕೊಡಲಾಗಲಿಲ್ಲ, ಅದನ್ನು ತಡೆಯಲಾಗಲಿಲ್ಲ ಅಂತ. ಅದನ್ನು ಓದಿದಾಗ ನನಗೆ ಚಿಕ್ಕಮ್ಮನ ಮುಖ ಕಣ್ಣ ಮುಂದೆ ಬಂತು.

ಚಿಕ್ಕಪ್ಪಯ್ಯ ಬೆಳಿಗ್ಗೆ ನಾಲ್ಕಕ್ಕೆ ಏಳುತ್ತಿದ್ದರು. ರಾತ್ರಿ ಹತ್ತಕ್ಕೆ ಬರುತ್ತಿದ್ದರು. ಇಪ್ಪತ್ತೆಂಟು ವರ್ಷ. ನಮ್ಮ ಮನೆಯ ಮದುವೆಗಳಲ್ಲಿ ಧಾರೆಯ ಹೊತ್ತಿಗೆ ಬಂದು ಊಟಕ್ಕೂ ನಿಲ್ಲದೆ ಹೋದದ್ದೇ ಜಾಸ್ತಿ. ಚಿಕ್ಕಮ್ಮ ಮನೆಯಲ್ಲಿ ಸುಮ್ನೆ ಕೂತವರಲ್ಲ. ಉಪ್ಪಿನಕಾಯಿ, ಚಟ್ನಿಪುಡಿ, ಸಾಂಬಾರ್ ಪುಡಿ ಎಲ್ಲ ಅವರದೇ. ಹೋಟೆಲ್‌ನ ರುಚಿ ಅಂತ ಜನ ಹೇಳುತ್ತಿದ್ದುದು ನಿಜವಾಗಿ ಚಿಕ್ಕಮ್ಮನ ಕೈರುಚಿ. ಬೋರ್ಡಿನ ಮೇಲೆ ಅವರ ಹೆಸರು ಯಾವತ್ತೂ ಇರಲಿಲ್ಲ. ತಟ್ಟೆ ಇಡ್ಲಿ ಅಂಗಡಿಯಲ್ಲೂ ಹಾಗೇ. ಹಿಟ್ಟಿನ ಹದ ನೋಡುವುದು ಆಯಮ್ಮ. ಚಳಿಗಾಲದಲ್ಲಿ ಹಿಟ್ಟು ಉಬ್ಬುವುದಿಲ್ಲ, ರಾತ್ರಿ ಮೂರು ಗಂಟೆಗೆ ಎದ್ದು ಪಾತ್ರೆಗೆ ಕಂಬಳಿ ಸುತ್ತುತ್ತೇನೆ ಅಂತ ಒಮ್ಮೆ ಹೇಳಿದರು. ಅಂಗಡಿಯ ಬಾಡಿಗೆ 18,000. ಸಂಬಳ ಕೊಡಬೇಕಾದ್ದು ಒಬ್ಬ ಹುಡುಗನಿಗೆ. ಆ ಅಂಗಡಿ ಉಳಿದಿರುವುದಕ್ಕೆ ನಾನು ಮೇಲೆ ಹೇಳಿದ ಬದಿ, ಹೊತ್ತು, ಮೆನು ಎಲ್ಲ ಕಾರಣವೇ. ಆದರೆ ಗಂಡ ಹೆಂಡತಿ ಇಬ್ಬರೂ ತಮ್ಮ ದುಡಿಮೆಗೆ ಬೆಲೆ ಹಾಕಿಕೊಂಡಿಲ್ಲ, ಅದೂ ಕಾರಣ. ಹಾಕಿಕೊಂಡರೆ ಇಡ್ಲಿಗೆ ಎಷ್ಟಾಗುತ್ತಿತ್ತು ಅಂತ ನಾವು ಯಾರೂ ಕೇಳಿಲ್ಲ.

ಹೋದ ವರ್ಷ ಅವರು ಇಡ್ಲಿಗೆ ಐದು ರೂಪಾಯಿ ಜಾಸ್ತಿ ಮಾಡಿದರು. ಹಾಲಿಗೆ, ಕಾಫಿಪುಡಿಗೆ, ತೆಂಗಿನಕಾಯಿಗೆ ಬೆಲೆ ಏರಿತ್ತು. ಮೂರು ದಿನ ಮೊದಲೇ ಪ್ರತಿಯೊಬ್ಬರಿಗೂ ಹೇಳಿದರು, ತಪ್ಪು ಮಾಡಿದವರ ಹಾಗೆ. ನಮ್ಮ ವಾಕಿಂಗ್ ಗುಂಪಿನ ಒಬ್ಬರು ಗೊಣಗಿದರು. ಕೆಫೆಯಲ್ಲಿ 180 ರೂಪಾಯಿ ಕಾಫಿ ಕುಡಿದಾಗ ಅವರು ಗೊಣಗಿರಲಿಲ್ಲ. ನನಗೆ ಅವತ್ತು ನಿಜಕ್ಕೂ ನೋವಾಯಿತು. ದಿನಾ ತಿನ್ನುವ ಊಟದ ಬೆಲೆಯ ಮೇಲೆ ನಮ್ಮ ಕಣ್ಣು ಎಷ್ಟು ಬಿಗಿಯಾಗಿರುತ್ತದೆ.

ನಿನ್ನೆ ಸಂಜೆ ತಿರುವಿನ ಮಳಿಗೆಯ ಶಟರ್ ಅರ್ಧ ಎತ್ತಿತ್ತು. ಒಳಗೆ ಮೂವತ್ತರ ಆಸುಪಾಸಿನ ಗಂಡ ಹೆಂಡತಿ ಟೇಪು ಹಿಡಿದು ಅಳತೆ ತೆಗೆಯುತ್ತಿದ್ದರು. ಮಾತಾಡಿಸಿದೆ. ಹಾಸನ ಕಡೆಯವರು. ಮುದ್ದೆ ಊಟ, ಸೊಪ್ಪಿನ ಸಾರು, ಅಕ್ಕಿ ರೊಟ್ಟಿ ಮಾಡುವ ಯೋಚನೆ. ಆಕೆಯ ತಾಯಿ ಅಡುಗೆಗೆ ಬರುತ್ತಾರಂತೆ. ಬಾಡಿಗೆ ಎಷ್ಟು ಹೇಳಿದರು ಅಂತ ಕೇಳಿದೆ. ಹೇಳಿದರು. ಇಡೀ ಮಳಿಗೆ ತೆಗೆದುಕೊಳ್ಳಬೇಡಿ, ಮಧ್ಯೆ ಗೋಡೆ ಹಾಕಿ ಅರ್ಧ ಕೊಡುತ್ತಾರಾ ಕೇಳಿ ಅಂದೆ. ಇದು ಸಂಜೆಯ ಬದಿ, ಬೆಳಗಿನ ತಿಂಡಿಯ ಮೇಲೆ ಭರವಸೆ ಇಡಬೇಡಿ, ಪಾರ್ಸಲ್ ರೊಟ್ಟಿಗೆ ಜನ ನಿಲ್ಲುತ್ತಾರೆ ಅಂದೆ. ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ ಒಂದು ಸಲ ಬಂದು ಎದುರಿನ ಕಟ್ಟೆ ಮೇಲೆ ಕೂತು ನೋಡಿ ಅಂತಲೂ ಹೇಳಿದೆ. ಆಕೆ ಫೋನಿನಲ್ಲಿ ಬರೆದುಕೊಂಡರು.

ಹೊರಡುವಾಗ ಇನ್ನೊಂದು ನೆನಪಾಗಿ ವಾಪಸ್ ಹೋಗಿ ಹೇಳಿ ಬಂದೆ. ಜೋರು ಮಳೆ ಬಂದರೆ ಮುಂದಿನ ಮೋರಿ ಉಕ್ಕುತ್ತದೆ, ಬಾಗಿಲ ಹತ್ತಿರ ಎರಡು ಮೆಟ್ಟಿಲು ಎತ್ತರಿಸಿಕೊಳ್ಳಿ, ಗ್ರೈಂಡರ್ ನೆಲಕ್ಕೆ ಇಡಬೇಡಿ.